ಕೇಳುಗರ ಕಟ್ಟೆ: ಆ ಟೇಪು ಯಾರ ಕೈಯಿಂದ ಬಂತು?

ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡ್ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಅದನ್ನು ಹಿಡಿದುಕೊಂಡು ಇಷ್ಟು ಪತ್ರ ಬಂದಿದ್ದು ನೋಡಿ ತುಂಬಾ ಖುಷಿಯಾಯಿತು. ಈ ಸಲದ ಕಟ್ಟೆ ಪೂರ್ತಿ ಅವರಿಗೇ ಬಿಟ್ಟಿದ್ದೇನೆ.

ಹೆಸರು ಕೇಳದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬ್ಯಾಂಡ್ ಶುರುವಾಗಿದ್ದು 1965ರಲ್ಲಿ. ಹಾಡು ಬರೆದು ಹಾಡುತ್ತಿದ್ದವನು ಲೂ ರೀಡ್. ವಯೋಲಾ (ಪಿಟೀಲಿನಂಥದ್ದೇ, ಸ್ವಲ್ಪ ದೊಡ್ಡದು) ಮತ್ತು ಬೇಸ್ ಜಾನ್ ಕೇಲ್, ಗಿಟಾರ್ ಸ್ಟರ್ಲಿಂಗ್ ಮಾರಿಸನ್. ಡ್ರಮ್ಸ್ ಮೋ ಟಕರ್ ಎಂಬ ಹೆಣ್ಣುಮಗಳು, ನಿಂತುಕೊಂಡೇ ಬಾರಿಸುತ್ತಿದ್ದಳು. ಜರ್ಮನಿಯ ಗಾಯಕಿ ನಿಕೊ ಜೊತೆ ಮಾಡಿದ ಮೊದಲ ಆಲ್ಬಂ 1967ರ ಮಾರ್ಚ್‌ನಲ್ಲಿ ಬಂತು. ಆ್ಯಂಡಿ ವಾರ್ಹಾಲ್ ಎಂಬ ಹೆಸರಾಂತ ಚಿತ್ರಕಾರ ಬರೆದ ಬಾಳೆಹಣ್ಣಿನ ಕವರು. ಆಗ ಕೊಂಡವರು ಕಡಿಮೆ. ಕೊಂಡವರು ಮಾತ್ರ ಬಿಡಲಿಲ್ಲ.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಓದ್ತಾ ಇದ್ದೀನಿ. ವೆಲ್ವೆಟ್ಸ್‌ನ ನಾಲ್ಕು ಆಲ್ಬಂ ಬಾಯಿಪಾಠ. ಅವರ ಲೈವ್ ರೆಕಾರ್ಡಿಂಗ್, ಬೂಟ್‌ಲೆಗ್ ಹುಡುಕಲು ಹೊರಟರೆ ತಲೆ ಕೆಡುತ್ತದೆ. ಒಂದೇ ಷೋ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ಮೊದಲು ಆ ಹೆಸರುಗಳನ್ನು ಬಿಟ್ಟುಬಿಡಿ. ಬೂಟ್‌ಲೆಗ್ ಅಂದರೆ ಅನುಮತಿ ಇಲ್ಲದೆ ಯಾರೋ ಮಾಡಿ ಮಾರಿದ ರೆಕಾರ್ಡು. ಒಬ್ಬೊಬ್ಬರು ಒಂದೊಂದು ಹೆಸರಿಟ್ಟು, ಒಂದೊಂದು ಕವರು ಹಾಕುತ್ತಾರೆ. ಹೆಸರು ನೋಡಿ ಕೊಂಡರೆ ಒಂದೇ ರಾತ್ರಿಯ ಹಾಡಿಗೆ ಮೂರು ಸಲ ದುಡ್ಡು ಕೊಡುತ್ತೀರಿ. ದಿನಾಂಕ ಮತ್ತು ಊರು ಹಿಡಿದು ಹುಡುಕಿ.

ನಾನು ರೇಡಿಯೋ ಸ್ಟೇಷನ್ನಿನ ಟೇಪ್ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಡಬ್ಬಿಯ ಮೇಲೆ ಚೀಟಿ ಇಲ್ಲದ ಸ್ಪೂಲ್ ಬಂದರೆ ನಮಗೆ ಸಂಕಟ. ಒಳಗೆ ಎಂಥ ದೊಡ್ಡ ಗಾಯಕರಿದ್ದರೂ ಯಾವ ದಿನ, ಯಾವ ಸಭಾಂಗಣ, ಯಾರು ಮೈಕ್ ಇಟ್ಟರು ಅಂತ ತಿಳಿಯದಿದ್ದರೆ ಅದನ್ನು ನಂಬಿ ಪ್ರಸಾರ ಮಾಡುವುದು ಹೇಗೆ? ರಾಕ್ ಟೇಪಿಗೂ ಅದೇ ಮಾತು. ಎಂದು, ಎಲ್ಲಿ, ಯಾರು ರೆಕಾರ್ಡ್ ಮಾಡಿದ್ದು, ಆಮೇಲೆ ಎಷ್ಟು ಕೈ ದಾಟಿ ಬಂದಿದೆ, ಇಷ್ಟನ್ನು ಕೇಳಿ. ಉತ್ತರ ಸಿಕ್ಕ ಟೇಪು ನಿಮ್ಮದು. ಸಿಗದಿದ್ದರೆ ಅದು ಎಷ್ಟೇ ಅಪರೂಪ ಅಂದರೂ ಕಾಯಿರಿ.

ಕೈ ಯಾವುದು ಅಂತ ಗೊತ್ತಿದ್ದರೆ ಎಷ್ಟು ಚೆಂದ ಅನ್ನುವುದಕ್ಕೆ ರಾಬರ್ಟ್ ಕ್ವೈನ್ ಕಥೆ ಹೇಳಲೇಬೇಕು. 1969ರಲ್ಲಿ ಈತ ಬರೀ ಅಭಿಮಾನಿ. ಕ್ಯಾಸೆಟ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಸೇಂಟ್ ಲೂಯಿಸ್‌ನಲ್ಲಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ 'ಫ್ಯಾಮಿಲಿ ಡಾಗ್' ಮತ್ತು 'ಮ್ಯಾಟ್ರಿಕ್ಸ್' ಎಂಬ ಜಾಗಗಳಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ. ಬ್ಯಾಂಡಿನವರಿಗೂ ಪರಿಚಯವಾದ. ಆ ಟೇಪುಗಳು 2001ರಲ್ಲಿ 'ದ ಕ್ವೈನ್ ಟೇಪ್ಸ್' ಅಂತ ಮೂರು ಸಿಡಿಗಳಾಗಿ ಅಧಿಕೃತವಾಗಿಯೇ ಬಂದವು. ಅದರಲ್ಲಿ 'ಸಿಸ್ಟರ್ ರೇ' ಹಾಡು ಮೂರು ಸಲ ಇದೆ. ಮೂರೂ ಬೇರೆ ಬೇರೆ, ಒಂದಂತೂ ಅರ್ಧ ಗಂಟೆ ದಾಟಿ ಓಡುತ್ತದೆ. ಇನ್ನೊಂದು ವಿಷಯ ಕೇಳಿ. ಅದೇ ಕ್ವೈನ್ ದೊಡ್ಡ ಗಿಟಾರ್ ವಾದಕನಾಗಿ ಬೆಳೆದು, 1982ರ 'ದ ಬ್ಲೂ ಮಾಸ್ಕ್' ಆಲ್ಬಂನಲ್ಲಿ ಲೂ ರೀಡ್ ಪಕ್ಕದಲ್ಲೇ ನುಡಿಸಿದ. ಮೈಕ್ ಹಿಡಿದು ಕೂತಿದ್ದ ಹುಡುಗನ ಕಿವಿ ಎಂಥದ್ದಿರಬೇಕು ನೋಡಿ!

ಆ ಟೇಪಿನಲ್ಲಿ ಸದ್ದು ಮಂಕು, ಹಾಡಿನ ಮಾತು ಎಷ್ಟೋ ಕಡೆ ಕೇಳಿಸುವುದಿಲ್ಲ. ಅದಕ್ಕೇ ಪಕ್ಕದಲ್ಲಿ 2015ರಲ್ಲಿ ಬಂದ 'ದ ಕಂಪ್ಲೀಟ್ ಮ್ಯಾಟ್ರಿಕ್ಸ್ ಟೇಪ್ಸ್' ಇಟ್ಟುಕೊಳ್ಳಿ. ಅದೇ ಕ್ಲಬ್ಬು, ಅದೇ 1969ರ ನವೆಂಬರ್. ಆದರೆ ಇದನ್ನು ಕ್ಲಬ್ಬಿನವರೇ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದನ್ನು ಬೇರೆ ಬೇರೆಯಾಗಿ ಹಿಡಿಯುವ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದು. ಒಂದು ಗಿಟಾರ್ ಎಡಗಡೆ, ಒಂದು ಬಲಗಡೆ, ಎಲ್ಲ ಸ್ಪಷ್ಟ. ಒಂದೇ ಹಾಡನ್ನು ಎರಡರಲ್ಲೂ ಕೇಳಿ. ಕ್ಲಬ್ಬಿನವರ ಟೇಪಿನಲ್ಲಿ ಬ್ಯಾಂಡು ಕೇಳಿಸುತ್ತದೆ, ಕ್ವೈನ್ ಟೇಪಿನಲ್ಲಿ ಆ ಕೋಣೆಯೂ ಕೇಳಿಸುತ್ತದೆ. ನನಗೆ ಎರಡೂ ಬೇಕು.

ಮೂರನೆಯದು 'ಲೈವ್ ಅಟ್ ಮ್ಯಾಕ್ಸಸ್ ಕಾನ್ಸಾಸ್ ಸಿಟಿ'. ಹೆಸರು ಹಾಗಿದ್ದರೂ ಅದು ನ್ಯೂಯಾರ್ಕಿನದೇ ಒಂದು ಕ್ಲಬ್ಬು. 1970ರ ಆಗಸ್ಟ್ 23, ಲೂ ರೀಡ್ ಬ್ಯಾಂಡ್ ಬಿಟ್ಟ ರಾತ್ರಿ. ವಾರ್ಹಾಲ್ ಗೆಳತಿ ಬ್ರಿಜಿಡ್ ಪೋಕ್ ತನ್ನ ಕ್ಯಾಸೆಟ್ ರೆಕಾರ್ಡರನ್ನು ಮೇಜಿನ ಮೇಲಿಟ್ಟಿದ್ದಳು. ಹಾಡುಗಳ ನಡುವೆ ಡ್ರಿಂಕ್ಸ್ ತರಿಸುವ ದನಿ ಕವಿ ಜಿಮ್ ಕ್ಯಾರಲ್‌ದು. 1972ರಲ್ಲಿ ರೆಕಾರ್ಡ್ ಕಂಪನಿ ಅದರಿಂದ ಆಯ್ದ ಹಾಡುಗಳನ್ನು ಆಲ್ಬಂ ಆಗಿ ಹೊರತಂದಿತು. ಲೂ ರೀಡ್ ಬ್ಯಾಂಡಿನಲ್ಲಿದ್ದ ಆ ಕೊನೆಯ ರಾತ್ರಿ ಉಳಿದಿರುವುದು ಒಬ್ಬ ಹೆಣ್ಣುಮಗಳು ಒಂದು ಬಟನ್ ಒತ್ತಿದ್ದರಿಂದ.

ಇವೆಲ್ಲ ಅಧಿಕೃತವಾಗಿ ಹೊರಬಂದವು. ಮೊದಲು ಇವನ್ನು ಕೇಳಿ. ಆಮೇಲೆ, ಎಂದೂ ಮಾರಾಟಕ್ಕೆಂದು ಮಾಡದ, ಅಭಿಮಾನಿಗಳ ನಡುವೆ ಕೈಯಿಂದ ಕೈಗೆ ಓಡಾಡಿದ ಟೇಪುಗಳಿಗೆ ಹೋಗಿ. ಉದಾಹರಣೆಗೆ 1969ರ ಮಾರ್ಚ್ 15ರ 'ಬೋಸ್ಟನ್ ಟೀ ಪಾರ್ಟಿ' ಎಂಬ ಕ್ಲಬ್ಬಿನ ಷೋ. ಯಾರೋ ಲೂ ರೀಡ್‌ನ ಗಿಟಾರ್ ಆಂಪ್ಲಿಫೈಯರಿಗೇ ಮೈಕ್ ಕೊಟ್ಟಿದ್ದಾರೆ. ಹಾಡು ಎಲ್ಲೋ ದೂರದಲ್ಲಿ. ಗಿಟಾರ್ ಮಾತ್ರ ಕಿವಿಯೊಳಗೇ ಕೂತ ಹಾಗೆ. ಮೊದಲ ಸಲಕ್ಕೆ ಅದು ಬೇಡ. ಹಾಡುಗಳು ಚೆನ್ನಾಗಿ ಗೊತ್ತಿದ್ದವರಿಗೆ ಅದು ಹಬ್ಬ.

ಪ್ರಶ್ನೆ: ಮುಕ್ಕಾಲು ಡಾಲರಿಗೆ ಕೊಂಡ ರೆಕಾರ್ಡ್ ಒಂದೂವರೆ ಲಕ್ಷ ಡಾಲರಿಗೆ ಹೋಯಿತಂತೆ. ನಿಜವೇ? ನಾನೂ ಹಳೇ ರೆಕಾರ್ಡ್ ಕೂಡಿಡುವವನು.
– ಸಂಗ್ರಾಹಕರು, ಮೈಸೂರು

ಉತ್ತರ: ಮುಕ್ಕಾಲು ಡಾಲರ್ ನಿಜ. ಒಂದೂವರೆ ಲಕ್ಷ ನಿಜವಲ್ಲ ಸಾರ್.

1966ರ ಏಪ್ರಿಲ್‌ನಲ್ಲಿ ಬ್ಯಾಂಡಿನವರು ನ್ಯೂಯಾರ್ಕಿನ ಸೆಪ್ಟರ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಅದಕ್ಕೆ ನೆರವಾದವರು ನಾರ್ಮನ್ ಡಾಲ್ಫ್, ಕೊಲಂಬಿಯಾ ಕಂಪನಿಯ ಸೇಲ್ಸ್ ವಿಭಾಗದವರು. ಸಂಬಳವಾಗಿ ಸಿಕ್ಕಿದ್ದು ವಾರ್ಹಾಲ್ ಪೇಂಟಿಂಗ್. ಆ ಹಾಡುಗಳನ್ನು ಒಂದು ಅಸಿಟೇಟ್ ಡಿಸ್ಕಿಗೆ (ಮುಳ್ಳಿನಿಂದ ನೇರ ಕೊರೆದ ರೆಕಾರ್ಡು) ಇಳಿಸಿ ಕೊಲಂಬಿಯಾದವರಿಗೆ ಕಳಿಸಿದರು. ಅವರು ಬೇಡ ಅಂದರು. ಕೊನೆಗೆ ಆಲ್ಬಂ ಹೊರಬಂದಿದ್ದು ಎಂಜಿಎಂ ಕಂಪನಿಯ ವರ್ವ್ ಲೇಬಲ್‌ನಲ್ಲಿ, ಕೆಲವು ಹಾಡುಗಳನ್ನು ಲಾಸ್ ಏಂಜಲೀಸ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದ ಮೇಲೆ.

2002ರಲ್ಲಿ ಮಾಂಟ್ರಿಯಲ್‌ನ ಸಂಗ್ರಾಹಕರೊಬ್ಬರು ನ್ಯೂಯಾರ್ಕಿನ ಚೆಲ್ಸಿಯಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಕವರಿಲ್ಲದ ಒಂದು ಡಿಸ್ಕನ್ನು 75 ಸೆಂಟ್ ಕೊಟ್ಟು ಕೊಂಡರು. ಲೇಬಲ್ ಮೇಲೆ ಕೈಬರಹದಲ್ಲಿ ಬ್ಯಾಂಡಿನ ಹೆಸರು, ಜೊತೆಗೆ 1966ರ ಏಪ್ರಿಲ್ 25ರ ದಿನಾಂಕ. ಚೀಟಿ ಎಂಥ ಕೆಲಸ ಮಾಡುತ್ತದೆ ನೋಡಿ. 2006ರಲ್ಲಿ ಇಬೇ ಹರಾಜಿಗಿಟ್ಟಾಗ ಕೂಗು 1,55,401 ಡಾಲರ್ ಮುಟ್ಟಿತು. ಆದರೆ ಆ ದುಡ್ಡು ಬರಲೇ ಇಲ್ಲ. ಮತ್ತೆ ಹರಾಜು ಹಾಕಿದಾಗ 25,200 ಡಾಲರಿಗೆ ಹೋಯಿತು.

ದುಡ್ಡಿನ ಮಾತಿಗಿಂತ ನನಗೆ ಮುಖ್ಯ ಅದರೊಳಗಿನ ಹಾಡು. ಒಂಬತ್ತು ಹಾಡುಗಳಿವೆ. ಕೆಲವದರ ಮಿಕ್ಸ್, ಅಂದರೆ ಸದ್ದು ಬೆರೆಸಿದ ಹದ, ಬೇರೆ. ಕೆಲವು ಟೇಕೇ ಬೇರೆ, ಅಂದರೆ ಇನ್ನೊಂದು ಸಲ ಹಾಡಿದ್ದು. 'ಹೆರಾಯಿನ್' ಆಲ್ಬಂನಲ್ಲಿ ಶುರುವಾಗುವುದು 'ಎಲ್ಲಿಗೆ ಹೊರಟಿದ್ದೇನೋ ಗೊತ್ತಿಲ್ಲ' ಅನ್ನುವ ಅರ್ಥದ ಸಾಲಿನಿಂದ. ಈ ಡಿಸ್ಕಿನಲ್ಲಿ ಲೂ ರೀಡ್ 'ಎಲ್ಲಿಗೆ ಹೊರಟಿದ್ದೇನೆ ಅಂತ ಚೆನ್ನಾಗಿ ಗೊತ್ತು' ಅನ್ನುತ್ತಾನೆ. ಒಂದೇ ಮಾತು ಬದಲಾಗಿ ಇಡೀ ಹಾಡು ತಿರುಗಿ ನಿಲ್ಲುತ್ತದೆ ಅಲ್ವಾ? 2012ರಲ್ಲಿ ಬಂದ ಮೊದಲ ಆಲ್ಬಂನ 45ನೇ ವರ್ಷದ ಪೆಟ್ಟಿಗೆಯಲ್ಲಿ ಈ ರೂಪಗಳು ಇವೆ.

ನೀವು ಕೂಡಿಡುವವರಾದ್ದರಿಂದ ಒಂದು ಎಚ್ಚರಿಕೆ. ಅಸಿಟೇಟ್ ಅಂದರೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ಲ್ಯಾಕರ್ ಬಳಿದ ಡಿಸ್ಕು. ಒತ್ತಿ ತೆಗೆದದ್ದಲ್ಲ, ಮುಳ್ಳಿನಿಂದ ನೇರ ಕೊರೆದದ್ದು. ತೂಕ ಜಾಸ್ತಿ, ಮೈ ಮೆತ್ತಗೆ. ಪ್ರತಿ ಸಲ ಹಾಕಿದಾಗಲೂ ಸೂಜಿ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಎಲ್ಲಾದರೂ ಸಿಕ್ಕರೆ ಸುಮ್ನೆ ಹಾಕಿ ನೋಡುವ ಆಸೆ ತಡೆದುಕೊಳ್ಳಿ. ಒಳ್ಳೆಯ ಸೂಜಿ ಇರುವವರ ಹತ್ತಿರ ಕೊಂಡೊಯ್ದು, ಮೊದಲ ಸಲ ಹಾಕಿದಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಪ್ರಶ್ನೆ: ಅಳಿಯಂದಿರು ಅಮೆರಿಕದಿಂದ ಹಳೇ ರೆಕಾರ್ಡ್ ಪ್ಲೇಯರ್ ತಂದುಕೊಟ್ಟಿದ್ದಾರೆ. ಟ್ರಾನ್ಸ್‌ಫಾರ್ಮರ್ ಹಾಕಿಯೇ ಓಡಿಸುತ್ತಿದ್ದೇನೆ. ಆದರೂ ಎಲ್ಲ ಹಾಡೂ ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ. ಕೆಟ್ಟಿದೆಯೇ?
– ಗೃಹಿಣಿ, ದಾವಣಗೆರೆ

ಉತ್ತರ: ಕೆಟ್ಟಿಲ್ಲ ಅಮ್ಮ. ಅಲ್ಲಿಯ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಮಿಡಿಯುತ್ತದೆ), ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಹಳೇ ಎಸಿ ಮೋಟರುಗಳು ಕರೆಂಟಿನ ಹರ್ಟ್ಸಿಗೆ ತಕ್ಕಂತೆ ತಿರುಗುತ್ತವೆ. ಹಾಗಾಗಿ ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ ಸುಮಾರು 28 ಸುತ್ತುತ್ತಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಮೂರು ಮನೆ ಕೆಳಗಿಳಿದಿದೆ. ಮೋಟರ್ ಮೇಲಿನ ಪುಲ್ಲಿಯನ್ನು 50 ಹರ್ಟ್ಸಿನದಕ್ಕೆ ಬದಲಿಸಿದರೆ ಸರಿಹೋಗುತ್ತದೆ. ನಿಮ್ಮ ಮಾಡೆಲ್ಲಿಗೆ ಅದು ಸಿಗುತ್ತದೆಯೇ ಅಂತ ರಿಪೇರಿಯವರನ್ನು ಕೇಳಿ.

ಪ್ರಶ್ನೆ: ಒಬ್ಬರು 'ಮಾಸ್ಟರ್ ಟೇಪಿನಿಂದ ತೆಗೆದ ಫ್ಲ್ಯಾಕ್' ಅಂತ ವೆಲ್ವೆಟ್ಸ್‌ನ 1969ರ ಒಂದು ಷೋ ಕೊಟ್ಟರು, ದುಡ್ಡೂ ತೆಗೆದುಕೊಂಡರು. ಕೇಳಿದರೆ ಡಬ್ಬದೊಳಗಿನ ಸದ್ದು. ಮೋಸ ಹೋದೆನಾ?
– ಶಾಲಾ ಮೇಷ್ಟ್ರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಡಬ್ಬದ ಸದ್ದು ಅಂದ ಮಾತ್ರಕ್ಕೆ ಮೋಸ ಅಲ್ಲ. 1969ರ ಕ್ಯಾಸೆಟ್ ಯಂತ್ರ ಅಷ್ಟೇ ಕೊಡುತ್ತಿತ್ತು. ಆದರೆ ಪರೀಕ್ಷೆ ಮಾಡಬಹುದು.

ಮಾಸ್ಟರ್ ಅಂದರೆ ಮೊದಲು ರೆಕಾರ್ಡ್ ಮಾಡಿದ ಮೂಲ ಟೇಪು. ಫ್ಲ್ಯಾಕ್ ಅನ್ನುವುದು ಕಂಪ್ಯೂಟರಿನ ಒಂದು ಬಗೆಯ ಆಡಿಯೋ ಫೈಲು, ಒಂದು ಪೆಟ್ಟಿಗೆ ಅಷ್ಟೇ. ಒಳಗೆ ಹಾಕಿದ್ದನ್ನು ಹಾಗೇ ಕಾಪಾಡುತ್ತದೆ. ಎಂಪಿ3 ಒಮ್ಮೆ ಕತ್ತರಿಸಿದ್ದನ್ನು ಅದು ವಾಪಸ್ ತಂದುಕೊಡುವುದಿಲ್ಲ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಸ್ಪೆಕ್ಟ್ರೋಗ್ರಾಂ ನೋಟ ಹಾಕಿ. ಅದು ಸದ್ದಿನ ಚಿತ್ರ, ಕೆಳಗೆ ದಪ್ಪ ಸ್ವರ, ಮೇಲೆ ಕೀರಲು ಸ್ವರ. ಟೇಪಿನ ಸದ್ದು, ಅದರ ಹಿಸ್ (ಸುಯ್ ಅನ್ನುವ ಸದ್ದು) ಎರಡೂ ಮೇಲಕ್ಕೆ ಹೋದಂತೆ ನಿಧಾನಕ್ಕೆ ತೆಳ್ಳಗಾಗುತ್ತವೆ. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕುಯ್ದ ಹಾಗೆ ನೇರ ಗೆರೆ ಕಂಡು, ಅದರ ಮೇಲೆ ಏನೂ ಇಲ್ಲದಿದ್ದರೆ ನಡುವೆ ಎಲ್ಲೋ ಎಂಪಿ3 ಆಗಿ ಬಂದಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಅದು ದಾವಣಗೆರೆಯವರ ಪ್ರಶ್ನೆಗೆ ತಮ್ಮ. ಅಮೆರಿಕದ ಕ್ಲಬ್ಬಿನಲ್ಲಿ ಆಂಪ್ಲಿಫೈಯರುಗಳು ಗುಂಯ್ ಅನ್ನುವುದು 60 ಹರ್ಟ್ಸ್ ಮತ್ತು ಅದರ ಮಡಿಗಳಲ್ಲಿ, ಅಂದರೆ 120, 180. ಹಾಡಿನ ನಡುವಿನ ಮೌನದ ತುಣುಕನ್ನು ಆರಿಸಿ ಅದೇ ಸಾಫ್ಟ್‌ವೇರಿನಲ್ಲಿ ಅಳೆಯಿರಿ. ಗುಂಯ್ 60ರ ಬದಲು 57ರಲ್ಲಿ ಕಂಡರೆ ಟೇಪು ನಿಧಾನಕ್ಕೆ ಓಡಿದೆ. ನಕಲು ಮಾಡುವಾಗ ಬ್ಯಾಟರಿ ಇಳಿದ ಯಂತ್ರದಲ್ಲಿ ಟೇಪು ಓಡಿಸಿದ್ದರಿಂದ ಹಿಡಿದು ನಕಲು ಮಾಡಿದವರ ಡೆಕ್ಕಿನ ದೋಷದವರೆಗೆ ಕಾರಣ ಏನು ಬೇಕಾದರೂ ಇರಬಹುದು. ಸ್ಪೀಡನ್ನು ಅಷ್ಟು ಏರಿಸಿ ಸರಿಮಾಡಬಹುದು. 60ರ ಜೊತೆಗೆ 50ರಲ್ಲೂ ಒಂದು ಗುಂಯ್ ಇದ್ದರೆ ಆ ಟೇಪು ಯೂರೋಪಿನಲ್ಲೋ ನಮ್ಮ ಕಡೆಯೋ ಇನ್ನೊಮ್ಮೆ ನಕಲಾಗಿದೆ ಅನ್ನಬಹುದು. ಅಂದಮೇಲೆ 'ಮಾಸ್ಟರ್‌ನಿಂದ' ಅನ್ನುವ ಮಾತನ್ನು ಸುಲಭಕ್ಕೆ ನಂಬಲಾಗದು.

ದುಡ್ಡಿನ ವಿಷಯ ಖಾರವಾಗಿಯೇ ಹೇಳುತ್ತೇನೆ. ಕ್ಯಾಸೆಟ್ ಕಾಲದಲ್ಲಿ ಟೇಪು ಬದಲಾಯಿಸಿಕೊಳ್ಳುವವರಲ್ಲಿ ಒಂದು ಮರ್ಯಾದೆ ಇತ್ತು. ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ಖರ್ಚು ಕಳಿಸಿದರೆ ನಕಲು ಮಾಡಿ ಕಳಿಸುವುದು, ಅದರ ಮೇಲೆ ಬಿಡಿಗಾಸೂ ಇಲ್ಲ. ಸಂಗೀತ ಮಾಡಿದವರಿಗೆ ಏನೂ ಕೊಡದೆ, ಮೈಕ್ ಇಟ್ಟವರ ಹೆಸರೂ ಹೇಳದೆ ಜೇಬು ತುಂಬಿಕೊಳ್ಳುವುದು ನನ್ನ ಮಟ್ಟಿಗೆ ಕಳ್ಳತನವೇ. ಇನ್ನು ಮುಂದೆ ಅವರಿಗೆ ಕೊಡಬೇಡಿ. ನಿಮ್ಮ ಫೈಲನ್ನು ಮಾತ್ರ ಅಳಿಸಬೇಡಿ. ಪರೀಕ್ಷೆಯಲ್ಲಿ ಕಂಡದ್ದನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಜೊತೆಗಿಡಿ.

ಪ್ರಶ್ನೆ: ತಂಗೀ, ನಾ ಧಾರವಾಡದಾಂವ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲ ಇವರನ್ನ ಎದುರಿಗೆ ಕೂತು ಕೇಳಿದಾಂವ. ಮೊಮ್ಮಗ ಈ ಬ್ಯಾಂಡಿನ ಹಾಡು ಹಚ್ಚಿದ್ದ. ಅದರಾಗ ಒಂದು ಸ್ವರ ತಂಬೂರಿ ಹಂಗ ಎಳೀತಿತ್ತು. ಅವರಿಗೂ ನಮ್ಮ ಕಿರಾಣಾ ಘರಾಣಕ್ಕೂ ನಂಟದ ಅಂತಾನ. ಖರೇನ ಏನು?
– ನಿವೃತ್ತ ಗುಮಾಸ್ತರು, ಧಾರವಾಡ

ಉತ್ತರ: ಕಾಕಾ, ನಿಮ್ಮ ಕಿವಿ ಖರೆ. ಮೊಮ್ಮಗನ ಮಾತು ಅರ್ಧ ಖರೆ.

ನೀವು ಕೇಳಿದ ಆ ಎಳೆತ ಜಾನ್ ಕೇಲ್‌ನ ವಯೋಲಾ ಇರಬೇಕು. ವೇಲ್ಸ್‌ನ ಈ ಹುಡುಗ 1963ರಲ್ಲಿ ಅಮೆರಿಕಕ್ಕೆ ಬಂದು ಲಾ ಮಾಂಟ್ ಯಂಗ್ ಎಂಬ ಸಂಗೀತಗಾರನ ಗುಂಪು ಸೇರಿದ. ಅಲ್ಲಿ ಕೆಲಸವೇ ಒಂದು ಸ್ವರ ಹಿಡಿದು ಗಂಟೆಗಟ್ಟಲೆ ನಿಲ್ಲುವುದು. ಕಮಾನು ಒಮ್ಮೆಗೇ ಹಲವು ತಂತಿಗೆ ತಾಗಲಿ ಅಂತ ಕೇಲ್ ವಯೋಲಾದ ಕುದುರೆಯನ್ನು (ತಂತಿಗಳನ್ನು ಹೊರುವ ಮರದ ತುಂಡು) ಉಜ್ಜಿ ಸಮತಟ್ಟು ಮಾಡಿದ, ಗಿಟಾರಿನ ತಂತಿ ಕಟ್ಟಿದ. ಅವರು ಶ್ರುತಿ ಸೇರಿಸುತ್ತಿದ್ದದ್ದು ಯಾವುದಕ್ಕೆ ಗೊತ್ತೇ? ಅಮೆರಿಕದ ಕರೆಂಟಿನ ಅದೇ 60 ಹರ್ಟ್ಸ್ ಗುಂಯ್‌ಗೆ. ಯಂಗ್‌ಗೆ ತಂಬೂರಿಯ ರುಚಿ ಹತ್ತಿದ್ದು ಅಲಿ ಅಕ್ಬರ್ ಖಾನರ 1950ರ ದಶಕದ ರೆಕಾರ್ಡಿನಿಂದ.

ಕಿರಾಣಾ ಬಂದಿದ್ದು ಆಮೇಲೆ. 1970ರಲ್ಲಿ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಹೋದರು, ಯಂಗ್ ಅವರ ಶಿಷ್ಯನಾದ. ಪ್ರಾಣನಾಥ್ ಕಲಿತದ್ದು ಅಬ್ದುಲ್ ವಹೀದ್ ಖಾನರ ಹತ್ತಿರ. ನಿಮ್ಮ ಕಡೆಯ ಎಳೆ ಅಬ್ದುಲ್ ಕರೀಂ ಖಾನರದ್ದು. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಮತ್ತು ಭೀಮಸೇನರು. ಮನೆ ಒಂದೇ, ಕವಲು ಬೇರೆ. ಆದರೆ ಆ ಹೊತ್ತಿಗೆ ಕೇಲ್ ಯಂಗ್‌ನನ್ನೂ ಬಿಟ್ಟಾಗಿತ್ತು, 1968ರಲ್ಲಿ ವೆಲ್ವೆಟ್ಸನ್ನೂ ಬಿಟ್ಟಾಗಿತ್ತು. ಹಾಗಾಗಿ ನಂಟು ಯಂಗ್‌ಗೆ ಇದೆ, ಈ ಬ್ಯಾಂಡಿಗೆ ನೇರವಾಗಿ ಇಲ್ಲ.

ಮೊಮ್ಮಗನಿಗೆ 'ವೀನಸ್ ಇನ್ ಫರ್ಸ್' ಹಚ್ಚಲು ಹೇಳಿ. ವಯೋಲಾ ಬಿಟ್ಟುಬಿಟ್ಟು ಬಂದು ಕೊರೆಯುತ್ತದೆ. ಆಮೇಲೆ 'ಆಲ್ ಟುಮಾರೋಸ್ ಪಾರ್ಟೀಸ್'. ಅದರಲ್ಲಿ ಲೂ ರೀಡ್ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಸೇರಿಸಿದ್ದಾನೆ. ಷಡ್ಜ ಬಿಡದ ಕಿವಿ ನಿಮ್ಮದು, ನನಗಿಂತ ಚೆನ್ನಾಗಿ ಹಿಡಿಯುತ್ತೀರಿ.

ಹುಡುಕುವವರಿಗೆ ಇಲ್ಲೊಂದು ಕಷ್ಟದ ಕಥೆಯೂ ಇದೆ. ಯಂಗ್‌ನ ಆ ಗುಂಪಿನ ಟೇಪುಗಳು ಯಂಗ್ ಬಳಿಯೇ ಉಳಿದವು. ಸಂಗೀತ ಎಲ್ಲರದ್ದು ಅಂತ ಕೇಲ್ ಮತ್ತು ಅದೇ ಗುಂಪಿನ ಟೋನಿ ಕಾನ್ರಾಡ್, ರಚನೆ ನನ್ನದು ಅಂತ ಯಂಗ್. 1965ರ ಏಪ್ರಿಲ್ 25ರ ಒಂದು ಟೇಪು 2000ದಲ್ಲಿ 'ಡೇ ಆಫ್ ನಯಾಗರಾ' ಅಂತ ಯಂಗ್ ಒಪ್ಪಿಗೆ ಇಲ್ಲದೆ ಬಂತು, ಜಗಳ ಇನ್ನೂ ಜೋರಾಯಿತು. ಸದ್ದು ಒರಟು. ಆದರೂ ಆ ಟೇಪು ಕೇಳಿ ಮೊದಲ ವೆಲ್ವೆಟ್ಸ್ ಆಲ್ಬಂಗೆ ವಾಪಸ್ ಬಂದರೆ ಕೇಲ್ ಏನು ಹೊತ್ತು ತಂದ ಅಂತ ಪೂರ್ತಿ ತಿಳಿಯುತ್ತದೆ.

ಪ್ರಶ್ನೆ: ಅಕ್ಕಾ, ನಾನು ಹಾಸನದವನು, ಕೆಲಸಕ್ಕಾಗಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೇನೆ. ಅವರ ಊರಿನಲ್ಲೇ ಇದ್ದೇನೆ. ಇಲ್ಲೇ ಹೋಗಿ ಕೇಳುವಂಥದ್ದು ಏನಾದರೂ ಇದೆಯೇ?
– ಓದುಗ, ನ್ಯೂಯಾರ್ಕ್

ಉತ್ತರ: ಇದೆ ತಮ್ಮಾ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚೇ ಆಗುತ್ತಿದೆ. ಲಿಂಕನ್ ಸೆಂಟರ್‌ನಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಪ್ರದರ್ಶನ ಕಲೆಗಳ ವಿಭಾಗ ಇದೆ. ಲೂ ರೀಡ್ 2013ರಲ್ಲಿ ತೀರಿಕೊಂಡ ಮೇಲೆ ಅವನ ಕಾಗದಪತ್ರ, ಟೇಪು ಎಲ್ಲ ಅಲ್ಲಿಗೆ ಬಂದವು. 2019ರಿಂದ ಜನರಿಗೆ ತೆರೆದಿದೆ. ಟೇಪುಗಳನ್ನು ಅಲ್ಲೇ ಕೂತು ಕೇಳಬಹುದು, ಮನೆಗೆ ತರುವ ಹಾಗಿಲ್ಲ. ಹೋಗುವ ಮುಂಚೆ ಲೈಬ್ರರಿಯ ಕ್ಯಾಟಲಾಗ್ ನೋಡಿ, ಯಾವ ಟೇಪು ಬೇಕು ಅಂತ ಗುರುತು ಮಾಡಿಕೊಂಡು ಅವರಿಗೆ ಮೊದಲೇ ಬರೆದು ಕೇಳು.

ಆ ಸಂಗ್ರಹದ ಜೊತೆ ಸಿಕ್ಕ ಒಂದು ಪಾರ್ಸೆಲ್ ಬಗ್ಗೆ ಹೇಳಬೇಕು. 1965ರ ಮೇ ತಿಂಗಳಲ್ಲಿ ಲೂ ರೀಡ್ ತನ್ನ ಹಾಡುಗಳ ಒಂದು ರೀಲ್ ಟೇಪನ್ನು ನೋಟರಿ ಸಹಿ ಹಾಕಿಸಿ, ತನ್ನ ಹೆಸರಿಗೇ ಅಂಚೆಯಲ್ಲಿ ಕಳಿಸಿಕೊಂಡಿದ್ದ. ಅಂಚೆ ಮುದ್ರೆಯ ತಾರೀಖು ಮೇ 11. ಈ ಹಾಡುಗಳು ನನ್ನವು, ಈ ದಿನಕ್ಕೆ ಮುಂಚೆಯೇ ಬರೆದದ್ದು ಅಂತ ತೋರಿಸಲು ವಕೀಲರಿಗೆ ದುಡ್ಡು ಕೊಡಲಾಗದವರು ಮಾಡುತ್ತಿದ್ದ ಉಪಾಯ ಅದು. ಪಾರ್ಸೆಲನ್ನು ಅವನು ಬದುಕಿರುವವರೆಗೂ ಒಡೆಯಲಿಲ್ಲ. ಸತ್ತ ಮೇಲೆ ಅವನ ಆಫೀಸಿನಲ್ಲಿ ಸೀಲ್ ಸಮೇತ ಸಿಕ್ಕಿತು.

ಒಳಗಿದ್ದದ್ದು 'ಹೆರಾಯಿನ್', 'ವೇಟಿಂಗ್ ಫಾರ್ ದ ಮ್ಯಾನ್', 'ಪೇಲ್ ಬ್ಲೂ ಐಸ್'ನ ಮೊದಲ ರೂಪಗಳು. ಜೊತೆಗೆ ಜಾನ್ ಕೇಲ್. ಗದ್ದಲವೇ ಇಲ್ಲ, ಅಕೂಸ್ಟಿಕ್ ಗಿಟಾರ್ ಹಿಡಿದು ಜಾನಪದದ ಧಾಟಿಯಲ್ಲಿ ಹಾಡಿದ್ದಾರೆ. ಹಾಡು ಶುರುವಾಗುವ ಮುಂಚೆ ಸಾಹಿತ್ಯ, ಸಂಗೀತ ಲೂ ರೀಡ್ ಅಂತ ಅವನೇ ಹೇಳುತ್ತಾನೆ. 2022ರಲ್ಲಿ ಅದು 'ವರ್ಡ್ಸ್ ಆ್ಯಂಡ್ ಮ್ಯೂಸಿಕ್, ಮೇ 1965' ಎಂಬ ಹೆಸರಿನಲ್ಲಿ ಬಂದಿದೆ. ಯಾವ ದಿನ, ಯಾರು, ಯಾವ ಊರಿನಿಂದ, ಎಲ್ಲವೂ ಪಾರ್ಸೆಲ್ಲಿನ ಮೇಲೇ ಇತ್ತು. ಲೈಬ್ರರಿಗೆ ಹೋಗುವ ಮೊದಲು ಇದನ್ನು ಕೇಳಿಕೊಂಡು ಹೋಗು. ಅಲ್ಲಿ ನೀನು ಏನು ಕೇಳಿದೆ, ಚೀಟಿಯಲ್ಲಿ ಏನು ಬರೆದಿತ್ತು ಅಂತ ನನಗೆ ಬರಿ. ಮುಂದಿನ ಕಟ್ಟೆಯಲ್ಲಿ ಜಾಗ ಇಟ್ಟಿರುತ್ತೇನೆ.